ಪ್ರಮತ್ತಯೋಗವೂ ರಾಜಮಾರ್ಗವೂ

ಹಿಂಸೆಯೆಂದರೇನೆಂಬ ಪ್ರಶ್ನೆಗೆ ಲೋಕವು ಕೊಡುವ ಉತ್ತರ ಒಂದು, ಜಿನಾಗಮವು ಕೊಡುವ ಉತ್ತರ ಮತ್ತೊಂದು. ಲೋಕವು ಬಿದ್ದ ದೇಹವನ್ನು ನೋಡಿ ಹಿಂಸೆಯನ್ನು ಅಳೆಯುತ್ತದೆ. ಉಮಾಸ್ವಾಮಿಗಳಾದರೋ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಕಟ್ಟುವಾಗ ಪ್ರಾಣಹಾನಿಯ ಮಾತಿಗಿಂತ ಮೊದಲು ಪ್ರಮಾದದ ಮಾತನ್ನು ಇಟ್ಟರು. ಕುಂದಕುಂದಾಚಾರ್ಯರು ಪ್ರವಚನಸಾರದ ಚಾರಿತ್ರಾಧಿಕಾರದಲ್ಲಿ ಇದನ್ನೇ ಇನ್ನೂ ನಿಷ್ಠುರವಾಗಿ ವಿಚಾರಿಸಿದ್ದಾರೆ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ಈರ್ಯಾಸಮಿತಿಯಿಂದ ನಡೆಯುವ ಮುನಿಯ ಪಾದದಡಿಗೆ ಎಲ್ಲಿಂದಲೋ ಬಂದ ಕ್ಷುದ್ರಜಂತು ಸಿಕ್ಕಿ ಸತ್ತರೂ ಆತನಿಗೆ ಆ ನಿಮಿತ್ತದ ಬಂಧವಿಲ್ಲ. ಯತ್ನಾಚಾರವಿಲ್ಲದೆ ನಡೆದವನ ಕಾಲಡಿ ಒಂದು ಇರುವೆಯೂ ಸಾಯದಿರಬಹುದು. ಹಿಂಸೆಯ ಬಂಧ ಮಾತ್ರ ಅವನಿಗೆ ತಪ್ಪದು.

ಈ ಸಿದ್ಧಾಂತವನ್ನು ಶ್ರಾವಕರು ಪರ್ಯೂಷಣದ ದಿನಗಳಲ್ಲಿ ಕೇಳುತ್ತಾರೆ, ತಲೆದೂಗುತ್ತಾರೆ, ಬಸದಿಯಿಂದ ಹೊರಬಂದು ವಾಹನವೇರುತ್ತಾರೆ. ಕುಡಿದು ವಾಹನ ನಡೆಸಿದವನು ಕ್ಷೇಮವಾಗಿ ಮನೆ ಸೇರಿದರೆ "ಏನೂ ಆಗಲಿಲ್ಲವಲ್ಲ" ಎಂದು ಎಲ್ಲರೂ ಸಮಾಧಾನಪಡುತ್ತಾರೆ. ಆಗಮದ ಲೆಕ್ಕದಲ್ಲಿ ಆಗಬೇಕಾದದ್ದು ಆಗಿಹೋಗಿದೆ. ದಾರಿಯುದ್ದಕ್ಕೂ ಎದುರಾದ ಪ್ರತಿಯೊಬ್ಬ ಪಾದಚಾರಿಯ ವಿಷಯದಲ್ಲಿಯೂ ಅವನು ಪ್ರಮತ್ತನಾಗಿದ್ದನು. ಅವರು ಬದುಕಿದ್ದು ಅವನ ಪುಣ್ಯದಿಂದಲ್ಲ.

ಇಲ್ಲಿ ಒಂದು ಸಂದೇಹಕ್ಕೆ ಎಡೆಯುಂಟು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಚಾವುಂಡರಾಯನ ನಿಮಿತ್ತವಾಗಿ ರಚಿಸಿದ ಗೊಮ್ಮಟಸಾರದ ಜೀವಕಾಂಡದಲ್ಲಿ ಪ್ರಮಾದಗಳು ಹದಿನೈದು ಎಂದು ಎಣಿಸಲಾಗಿದೆ: ವಿಕಥೆಗಳು ನಾಲ್ಕು, ಕಷಾಯಗಳು ನಾಲ್ಕು, ಇಂದ್ರಿಯಗಳು ಐದು, ನಿದ್ರೆ ಒಂದು, ಪ್ರಣಯ ಒಂದು. ಈ ಎಣಿಕೆಯಲ್ಲಿ ಮದ್ಯದ ಹೆಸರೇ ಇಲ್ಲ. ಹಾಗಾದರೆ ಮದ್ಯವು ಪ್ರಮಾದವಲ್ಲವೆ? ಉತ್ತರ ಸುಲಭ. ಆ ಹದಿನೈದು ಆರನೆಯ ಗುಣಸ್ಥಾನದ ಪ್ರಮತ್ತವಿರತ ಮುನಿಯವರೆಗೂ ಉಳಿದುಬರಬಹುದಾದ ಪ್ರಮಾದಗಳು. ಮದ್ಯವಾದರೋ ಅಲ್ಲಿಯವರೆಗೆ ಬರುವ ಪ್ರಶ್ನೆಯೇ ಇಲ್ಲ. ಶ್ರಾವಕನ ಮೊದಲನೆಯ ಮೆಟ್ಟಿಲಿನ ಹೊರಗೇ ಅದನ್ನು ಬಿಟ್ಟು ಬರಬೇಕು. ಸಮಂತಭದ್ರಸ್ವಾಮಿಗಳು ಐದು ಅಣುವ್ರತಗಳೊಂದಿಗೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಕೂಡಿಸಿ ಎಂಟು ಮೂಲಗುಣಗಳೆಂದರು. ಅಮೃತಚಂದ್ರಸೂರಿಗಳು ಆ ಮೂರರೊಂದಿಗೆ ಐದು ಉದುಂಬರ ಫಲಗಳ ತ್ಯಾಗವನ್ನು ಹೇಳಿದರು. ಎಣಿಕೆಯ ಕ್ರಮ ಬೇರೆಯಾದರೂ ಎರಡರಲ್ಲಿಯೂ ಮದ್ಯತ್ಯಾಗಕ್ಕೆ ಸ್ಥಾನ ತಪ್ಪಲಿಲ್ಲ.

ಮದ್ಯವನ್ನು ಏಕೆ ಬಿಡಬೇಕೆಂದು ಮನೆಯ ಮಕ್ಕಳನ್ನು ಕೇಳಿದರೆ, ಕೊಳೆತ ರಸದಲ್ಲಿ ಹುಟ್ಟುವ ಅಸಂಖ್ಯ ಜೀವಿಗಳ ಘಾತವಾಗುತ್ತದೆಯೆಂಬ ಕಾರಣವನ್ನು ತಟ್ಟನೆ ಹೇಳುತ್ತಾರೆ. ಅದು ಸರಿಯೆ. ಆದರೆ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಆಚಾರ್ಯರು ಅದಕ್ಕೂ ಮೊದಲು ಹೇಳಿರುವ ಕಾರಣ ಬೇರೆ: ಮದ್ಯವು ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನಿಗೆ ಧರ್ಮದ ನೆನಪು ಹಾರಿಹೋಗುತ್ತದೆ, ಆ ಮೇಲೆ ಹಿಂಸೆಗೆ ಅವನಿಗೆ ಅಂಜಿಕೆಯಿಲ್ಲ. ಪಾತ್ರೆಯೊಳಗಿನ ಜೀವಿಗಳ ಹಿಂಸೆಯನ್ನು ನೆನೆದು ಪಾತ್ರೆಯ ಹೊರಗಿನ ಹಿಂಸೆಯನ್ನು ಮರೆತುದು ಈ ಕಾಲದ ಪಾಠಕ್ರಮದ ಕೊರತೆಯೇ ಸರಿ.

ಆ ಮೋಹದ ಪ್ರಮಾಣವನ್ನು ಈಗ ಅಳತೆಮಾಡಿ ತೋರಿಸಬಹುದಾಗಿದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನವು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಸಾಗಿರುತ್ತದೆ. ಎದುರಿಗೆ ಮಗುವೊಂದು ಅಡ್ಡಬಂದುದನ್ನು ಕಣ್ಣು ಕಂಡು, ಮನಸ್ಸು ತಿಳಿದು, ಕಾಲು ಬ್ರೇಕನ್ನು ಒತ್ತುವುದಕ್ಕೆ ಎಚ್ಚರದಲ್ಲಿರುವವನಿಗೂ ಸುಮಾರು ಒಂದು ಸೆಕೆಂಡು ಬೇಕು. ಮದ್ಯದಿಂದ ಅದು ಅರ್ಧ ಸೆಕೆಂಡು ತಡವಾದರೆ ಇನ್ನೂ ಎಂಟು ಮೀಟರ್ ಹೋಯಿತು. ಆ ಎಂಟು ಮೀಟರಿನೊಳಗೇ ಮಗುವು ಇರುತ್ತದೆ. ದೂರವನ್ನು ಅಂದಾಜುಮಾಡುವ ಶಕ್ತಿ ಕುಂದುತ್ತದೆ, ಎದುರು ವಾಹನದ ದೀಪದಿಂದ ಕುರುಡಾದ ಕಣ್ಣು ಚೇತರಿಸಿಕೊಳ್ಳುವುದು ನಿಧಾನವಾಗುತ್ತದೆ. ಎಲ್ಲಕ್ಕಿಂತ ಮೊದಲು ಕೆಡುವುದು, ತನ್ನ ಶಕ್ತಿ ಕುಂದಿದೆಯೆಂದು ತಿಳಿಯುವ ವಿವೇಕ. "ನನಗೇನೂ ಆಗಿಲ್ಲ" ಎಂಬ ಮಾತು ಕುಡಿದವನ ಬಾಯಿಂದ ಬರುವುದು ಸುಳ್ಳಾಡಬೇಕೆಂದಲ್ಲ. ಅವನಿಗೆ ಹಾಗೆಯೇ ತೋರುತ್ತದೆ. ಮೋಹನೀಯದ ಲಕ್ಷಣವೂ ಇದೇ ಅಲ್ಲವೆ? ಇನ್ನು ಮಜ್ಜಿಗೆ, ಕಾಫಿ, ತಣ್ಣೀರು ಸ್ನಾನ ಇವುಗಳಿಂದ ಅಮಲು ಇಳಿಯುತ್ತದೆಂಬುದು ಬರಿಯ ಭ್ರಾಂತಿ. ಯಕೃತ್ತು ತನ್ನ ಗತಿಯಲ್ಲಿಯೇ ಕೆಲಸ ಮಾಡುತ್ತದೆ. 100 ಮಿಲಿಲೀಟರ್ ರಕ್ತದಲ್ಲಿನ ಮದ್ಯಸಾರವು ಗಂಟೆಗೆ ಸುಮಾರು 15ರಿಂದ 20 ಮಿಲಿಗ್ರಾಂನಷ್ಟು ಮಾತ್ರ ಇಳಿಯುತ್ತದೆ. ನಡುರಾತ್ರಿಯವರೆಗೆ ಕುಡಿದವನು ಬೆಳಗ್ಗೆ ಮಿಂದು ಮಡಿಯುಟ್ಟು ಹೊರಟರೂ ರಕ್ತದಲ್ಲಿ ರಾತ್ರಿಯ ಶೇಷ ಉಳಿದಿರಬಹುದು.

ರಾಜ್ಯದ ಕಾನೂನು ಈ ವಿಷಯದಲ್ಲಿ ಹೇಳುವುದನ್ನೂ ಶ್ರಾವಕನು ತಿಳಿದಿರಬೇಕು. 1988ರ ಮೋಟಾರು ವಾಹನ ಅಧಿನಿಯಮದ 185ನೆಯ ಪ್ರಕರಣದಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿರುವುದು ಉಸಿರಿನ ಪರೀಕ್ಷೆಯಿಂದ ಕಂಡುಬಂದರೆ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ ಎರಡು ವರ್ಷದವರೆಗೆ ಸೆರೆವಾಸ, ಅಥವಾ 15,000 ರೂಪಾಯಿ ದಂಡ, ಅಥವಾ ಎರಡೂ. ಗಮನಿಸಬೇಕಾದುದೇನೆಂದರೆ, ಈ ಶಿಕ್ಷೆಗೆ ಯಾರಿಗೂ ಪೆಟ್ಟಾಗಬೇಕೆಂಬ ನಿಯಮವಿಲ್ಲ. ಪ್ರಮತ್ತನಾಗಿ ಹೊರಟುದೇ ಅಪರಾಧ. ಪ್ರಾಣಹಾನಿಗೆ ಮೊದಲು ಪ್ರಮಾದವನ್ನಿಟ್ಟ ಸೂತ್ರಕಾರರ ದೃಷ್ಟಿಗೆ ಇಂದಿನ ಕಾನೂನು ಇಷ್ಟು ಸಮೀಪಕ್ಕೆ ಬಂದಿರುವುದು ಸಂತೋಷದ ಸಂಗತಿ.

2006ನೆಯ ನವೆಂಬರ್ 12ರ ಬೆಳಗಿನ ಜಾವ ಮುಂಬಯಿಯ ಬಾಂದ್ರಾ ಭಾಗದ ಕಾರ್ಟರ್ ರಸ್ತೆಯಲ್ಲಿ ಕಾರೊಂದು ಪಾದಚಾರಿಗಳ ದಾರಿಯ ಮೇಲೆ ಹರಿಯಿತು. ಅಲ್ಲಿ ಮಲಗಿದ್ದ ಕೂಲಿಕಾರರಲ್ಲಿ ಏಳು ಮಂದಿ ಸತ್ತರು, ಎಂಟು ಮಂದಿಗೆ ಗಾಯಗಳಾದವು. ಚಾಲಕನ ರಕ್ತದಲ್ಲಿ ಮದ್ಯಸಾರವು ಕಾನೂನಿನ ಮಿತಿಯ ಮೂರು ಪಾಲಿಗಿಂತಲೂ ಮಿಗಿಲಾಗಿತ್ತು. ವಿಚಾರಣೆಯ ನ್ಯಾಯಾಲಯವು ಇದನ್ನು ಅಜಾಗ್ರತೆಯ ಸಾವೆಂದು ಎಣಿಸಿ ಆರು ತಿಂಗಳ ಶಿಕ್ಷೆ ವಿಧಿಸಿತು. ಉಚ್ಚ ನ್ಯಾಯಾಲಯವು ಅದನ್ನು ಒಪ್ಪದೆ ಕೊಲೆಯಲ್ಲದ ನರಹತ್ಯೆಯೆಂದು ನಿರ್ಣಯಿಸಿ ಮೂರು ವರ್ಷಕ್ಕೆ ಏರಿಸಿತು. 2012ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೇ ಎತ್ತಿಹಿಡಿಯಿತು. ಕೊಲ್ಲುವ ಉದ್ದೇಶ ಅವನಿಗಿರಲಿಲ್ಲವೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೆ ಹೀಗೆ ನಡೆಸಿದರೆ ಜನ ಸಾಯಬಹುದೆಂಬ ತಿಳಿವು ಅವನಿಗಿತ್ತೆಂದೇ ಗ್ರಹಿಸಬೇಕೆಂದು ನ್ಯಾಯಪೀಠಗಳು ಕಂಡವು. ಉದ್ದೇಶ ಬೇರೆ, ತಿಳಿವು ಬೇರೆ.

ಈ ಭೇದವನ್ನು ಶಾಸ್ತ್ರಜ್ಞರು ಕೇಳಿದೊಡನೆ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಜ್ಞಾತಭಾವ, ಅಜ್ಞಾತಭಾವಗಳ ವಿಚಾರ ನೆನಪಾಗುತ್ತದೆ. ಆಸ್ರವದ ಹೆಚ್ಚುಕಡಿಮೆಗೆ ಅವೂ ಕಾರಣಗಳು. ಅಲ್ಲಿ ಒಂದು ತೊಡಕು ಉಂಟು, ಅದನ್ನು ಮುಚ್ಚಿಡಬೇಕಾಗಿಲ್ಲ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅಜ್ಞಾತಭಾವವನ್ನು ವಿವರಿಸುವಾಗ ಮದದಿಂದಲೋ ಪ್ರಮಾದದಿಂದಲೋ ತಿಳಿಯದೆ ಮಾಡಿದುದನ್ನು ಅದರಲ್ಲಿ ಸೇರಿಸಿದ್ದಾರೆ. ಹಾಗಾದರೆ ಕುಡಿದವನ ಕೈಯಿಂದಾದ ಮರಣ ಅಜ್ಞಾತವಾಯಿತು, ಆಸ್ರವ ಅಲ್ಪವಾಯಿತು ಎಂದು ಚತುರನಾದವನು ವಾದಿಸಬಹುದು. ಈ ವಾದದಲ್ಲಿ ಎರಡು ದೋಷಗಳಿವೆ. ಅಜ್ಞಾತವೆಂದರೆ ಆಸ್ರವವಿಲ್ಲವೆಂದು ಆಚಾರ್ಯರು ಹೇಳಿಲ್ಲ; ತರತಮವಿದೆಯೆಂದಷ್ಟೇ ಹೇಳಿದ್ದಾರೆ. ಎರಡನೆಯದು ಇನ್ನೂ ಮುಖ್ಯ. ಕುಡಿದಮೇಲೆ ಮಾಡಿದುದು ಅಜ್ಞಾತವಿರಬಹುದು; ಕುಡಿಯಲು ಕುಳಿತಾಗ ಅವನು ಮತ್ತನಾಗಿರಲಿಲ್ಲ. ವಾಹನವು ಬಾಗಿಲಲ್ಲಿ ನಿಂತಿದೆ, ಕೀಲಿಕೈ ಕಿಸೆಯಲ್ಲಿದೆ, ಮನೆಗೆ ಮರಳುವ ದಾರಿ ಗೊತ್ತಿದೆ, ಮರಳಿಸಿ ಒಯ್ಯಲು ಬೇರೆ ಯಾರೂ ಇಲ್ಲವೆಂಬುದೂ ಗೊತ್ತಿದೆ. ಇಷ್ಟೆಲ್ಲ ತಿಳಿದು ಎತ್ತಿದ ಮೊದಲನೆಯ ಲೋಟ ಪೂರ್ಣವಾಗಿ ಜ್ಞಾತಭಾವದ್ದು. ಅಜ್ಞಾನವನ್ನು ತಿಳಿದೇ ಕೊಂಡುಕೊಂಡವನಿಗೆ ಅಜ್ಞಾನದ ರಿಯಾಯಿತಿ ಸಲ್ಲದು.

ಇದೇ ಅಧ್ಯಾಯದಲ್ಲಿ ಮುಂದೆ ಬರುವ ಜೀವಾಧಿಕರಣದ 108 ಭೇದಗಳನ್ನು ಜಪಮಾಲೆಯ ಮಣಿಗಳೊಂದಿಗೆ ಹೋಲಿಸಿ ಹೇಳುವ ವಾಡಿಕೆಯಿದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಮನ, ವಚನ, ಕಾಯಗಳ ಮೂರು, ಕೃತ, ಕಾರಿತ, ಅನುಮತ ಎಂಬ ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ ನೂರೆಂಟು. ಅದರಲ್ಲಿ ತಾನೇ ಮಾಡಿದುದು ಮೂವತ್ತಾರೇ. ಉಳಿದ ಎಪ್ಪತ್ತೆರಡು ಮಾಡಿಸಿದುದಕ್ಕೆ ಮತ್ತು ಒಪ್ಪಿದುದಕ್ಕೆ ಸೇರಿದವು. "ಒಂದೇ ಒಂದು, ನನ್ನ ಮಾತಿಗೆ" ಎಂದು ಒತ್ತಾಯಿಸಿದ ಗೆಳೆಯನೂ, ತೂರಾಡುತ್ತ ಹೊರಟವನನ್ನು ಕಂಡು ನಕ್ಕು ಬೀಳ್ಕೊಟ್ಟವನೂ, ಅವನ ಹಿಂದೆ ಬೈಕಿನಲ್ಲಿ ಕುಳಿತವನೂ ಈ ಎಪ್ಪತ್ತೆರಡರೊಳಗೆ ಬರುತ್ತಾರೆ. ಕಾನೂನಿನಲ್ಲಿಯೂ 188ನೆಯ ಪ್ರಕರಣವು ಪ್ರೇರಕನಿಗೆ ಮಾಡಿದವನಷ್ಟೇ ಶಿಕ್ಷೆಯನ್ನು ಹೇಳುತ್ತದೆ.

ತಾನು ಮದ್ಯವನ್ನು ಮುಟ್ಟುವವನಲ್ಲ, ಆದುದರಿಂದ ಈ ಉಪದೇಶವು ತನಗಲ್ಲವೆಂದು ತಿಳಿದ ಗೃಹಸ್ಥನಿಗೂ ಒಂದು ಮಾತಿದೆ. ಅನರ್ಥದಂಡದ ಐದು ಭೇದಗಳಲ್ಲಿ ಹಿಂಸಾದಾನವೂ ಒಂದು. ಕತ್ತಿ, ಕೊಡಲಿ, ಗುದ್ದಲಿ, ಬೆಂಕಿ ಮುಂತಾದ ಹಿಂಸೋಪಕರಣಗಳನ್ನು ಪರರಿಗೆ ಕೊಡುವುದು ಅದರ ಅರ್ಥ. ಪ್ರಾಚೀನರ ಪಟ್ಟಿಯಲ್ಲಿ ಮೋಟಾರು ಇಲ್ಲವೆಂದು ಸುಮ್ಮನಾಗುವುದುಂಟೆ? ಅಮಲಿನಲ್ಲಿರುವ ಅಳಿಯನ ಕೈಗೆ, ಅಥವಾ ಹದಿನಾರು ವರ್ಷದ ಮಗನ ಕೈಗೆ ವಾಹನದ ಕೀಲಿಕೈ ಕೊಟ್ಟವನು ಹಿಂಸಾದಾನವನ್ನು ಮಾಡಿದನು. 2019ರ ತಿದ್ದುಪಡಿಯಿಂದ ಸೇರಿದ 199 ಎ ಪ್ರಕರಣದಂತೆ ಬಾಲಕನು ವಾಹನ ನಡೆಸಿ ಅಪರಾಧ ಮಾಡಿದರೆ ಪೋಷಕನನ್ನು ಅಥವಾ ವಾಹನದ ಒಡೆಯನನ್ನೇ ಅಪರಾಧಿಯೆಂದು ಭಾವಿಸಿ ಮೂರು ವರ್ಷದವರೆಗೆ ಸೆರೆವಾಸವನ್ನೂ 25,000 ರೂಪಾಯಿ ದಂಡವನ್ನೂ ವಿಧಿಸಬಹುದು; ವಾಹನದ ನೋಂದಣಿಯೂ ಹನ್ನೆರಡು ತಿಂಗಳು ರದ್ದಾಗುತ್ತದೆ.

ಅಪಘಾತವಾದ ಮನೆಗೆ ಸಾಂತ್ವನ ಹೇಳಲು ಹೋದವರು "ಅವನ ಆಯುಷ್ಯ ಅಷ್ಟೇ ಇತ್ತು" ಎನ್ನುವುದುಂಟು. ದುಃಖಿಗಳ ಮುಂದೆ ಆಡುವ ಮಾತೆಂದು ಅದನ್ನು ಕ್ಷಮಿಸಬಹುದು. ಆದರೆ ವಾಹನ ನಡೆಸಿದವನ ಕಡೆಯವರೂ ಅದನ್ನೇ ಆಡಿ, ಸಮಯಸಾರದ ಬಂಧಾಧಿಕಾರವನ್ನು ಸಾಕ್ಷಿಗೆ ಕರೆಯುವುದುಂಟು: ಆಯುಃಕರ್ಮ ತೀರದೆ ಯಾರೂ ಸಾಯರು, ಒಬ್ಬನ ಆಯುವನ್ನು ಮತ್ತೊಬ್ಬನು ಕಸಿಯಲಾರನು, ಆದುದರಿಂದ ತಾನು ಕೊಂದೆನೆಂಬುದು ಮಿಥ್ಯೆ ಎಂದು. ಅರ್ಧ ಗ್ರಂಥವನ್ನು ಓದಿದವರ ವಾದವಿದು. ಅದೇ ಅಧಿಕಾರದಲ್ಲಿ ಕುಂದಕುಂದರು ಬಂಧವಾಗುವುದು ಅಧ್ಯವಸಾನದಿಂದ, ಎದುರಿನ ಜೀವವು ಸತ್ತಿತೋ ಉಳಿಯಿತೋ ಎಂಬುದರಿಂದಲ್ಲವೆಂದು ಸಾಧಿಸಿದ್ದಾರೆ. ಕೊಂದವನನ್ನು ಬಿಡಿಸುವುದಕ್ಕೆ ಹೇಳಿದ ಮಾತಲ್ಲ ಅದು; ಕೊಲ್ಲದೆ ಉಳಿದವನನ್ನೂ ಹಿಡಿಯುವ ಮಾತು.

ಅಲ್ಲದೆ ಅಕಾಲಮರಣವನ್ನು ಆಗಮವು ಅಲ್ಲಗಳೆದಿಲ್ಲ. ದೇವ, ನಾರಕರಿಗೂ, ಚರಮೋತ್ತಮ ದೇಹಿಗಳಿಗೂ, ಅಸಂಖ್ಯಾತ ವರ್ಷಾಯುಷ್ಯದ ಭೋಗಭೂಮಿಜರಿಗೂ ಆಯುಷ್ಯವು ನಡುವೆ ಕುಗ್ಗದು. ರಸ್ತೆಯಲ್ಲಿ ನಡೆಯುವ ಸಾಮಾನ್ಯ ಮನುಷ್ಯನಿಗೆ ಆ ರಕ್ಷೆಯಿಲ್ಲ. ಬಾಳೆಯ ದಿಂಡನ್ನು ಕಡಿದಂತೆ ಆಗುವುದರಿಂದ ಇದಕ್ಕೆ ಕದಲೀಘಾತ ಮರಣವೆಂದು ಹೆಸರು. ಗೊಮ್ಮಟಸಾರದ ಕರ್ಮಕಾಂಡದಲ್ಲಿ ಅದರ ನಿಮಿತ್ತಗಳನ್ನು ಎಣಿಸುವಾಗ ವಿಷ, ವೇದನೆ, ಭಯ, ಶಸ್ತ್ರಘಾತ, ಉಸಿರಿನ ನಿರೋಧ ಇವುಗಳ ಜೊತೆಯಲ್ಲಿ ರಕ್ತಕ್ಷಯವನ್ನೂ ಹೆಸರಿಸಿದ್ದಾರೆ. ಇಂದಿನ ವೈದ್ಯರು ಅಪಘಾತದ ಗಾಯಾಳುವಿನ ಮೊದಲನೆಯ ಒಂದು ಗಂಟೆಯನ್ನು ಸುವರ್ಣ ಗಂಟೆಯೆಂದು ಕರೆದು, ರಕ್ತ ಸೋರುವುದನ್ನು ತಡೆಯಿರಿ, ಉಸಿರಿನ ದಾರಿಯನ್ನು ಬಿಡಿಸಿರಿ ಎಂದು ಹೇಳುವುದು ಈ ಎರಡು ನಿಮಿತ್ತಗಳನ್ನು ಕುರಿತೇ. ನಿಮಿತ್ತವನ್ನು ತೆಗೆದರೆ ಬಾಳೆಯು ನಿಂತೀತು.

ಆದುದರಿಂದ ದಾರಿಯಲ್ಲಿ ಬಿದ್ದವನನ್ನು ಕಂಡು, ಪೊಲೀಸರ ಗೊಡವೆ ಬೇಡವೆಂದು ಹಾದುಹೋಗುವುದು ಅಭಯದಾನವನ್ನೂ ಔಷಧದಾನವನ್ನೂ ನಿತ್ಯಕರ್ಮವಾಗಿ ಎಣಿಸುವ ಕುಲಕ್ಕೆ ಶೋಭಿಸದು. ಆ ಅಂಜಿಕೆಗೆ ಈಗ ಆಧಾರವೂ ಇಲ್ಲ. 2016ರ ಮಾರ್ಚ್ 30ರಂದು ಸರ್ವೋಚ್ಚ ನ್ಯಾಯಾಲಯವು ಗಾಯಾಳುವಿಗೆ ನೆರವಾದವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗಳಿಗೆ ಕಾನೂನಿನ ಬಲವನ್ನು ಕೊಟ್ಟಿತು; 2019ರಲ್ಲಿ ಅಧಿನಿಯಮದಲ್ಲಿಯೇ 134 ಎ ಎಂಬ ರಕ್ಷಣೆಯ ಪ್ರಕರಣ ಸೇರಿತು. ತಾನೇ ಡಿಕ್ಕಿ ಹೊಡೆದ ಚಾಲಕನಾದರೋ ಗಾಯಾಳುವಿಗೆ ಚಿಕಿತ್ಸೆ ದೊರಕಿಸಲು ಸಾಧ್ಯವಾದುದೆಲ್ಲವನ್ನೂ ಮಾಡಲು 134ನೆಯ ಪ್ರಕರಣದಂತೆ ಬದ್ಧನು. 2022ನೆಯ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಗಾಯಗೊಂಡವರು 4,43,366 ಮಂದಿ. ಸತ್ತವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಹೆಲ್ಮೆಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಹೋಗುವ ಮಕ್ಕಳ ತಾಯಂದಿರು ಈ ಕೊನೆಯ ಸಂಖ್ಯೆಯನ್ನು ಒಮ್ಮೆ ನೋಡಬೇಕು.

ದ್ವಾರಾವತಿಯ ದಹನದ ಕಥೆಯನ್ನು ಅರಿಯದ ಶ್ರಾವಕರಿಲ್ಲ. ಪುನ್ನಾಟ ಸಂಘದ ಜಿನಸೇನಾಚಾರ್ಯರು ಶಕ 705ರಲ್ಲಿ ಮುಗಿಸಿದ ಹರಿವಂಶಪುರಾಣದಲ್ಲಿ ಅದು ವಿಸ್ತಾರವಾಗಿ ಬಂದಿದೆ. ಮದ್ಯದ ನಿಮಿತ್ತದಿಂದ, ದ್ವೀಪಾಯನನ ಕೋಪದಿಂದ ಹನ್ನೆರಡನೆಯ ವರ್ಷದಲ್ಲಿ ನಗರವು ಉರಿದುಹೋಗುವುದೆಂದು ನೇಮಿನಾಥ ಭಗವಂತರ ದಿವ್ಯಧ್ವನಿಯಿಂದ ತಿಳಿದಾಗ, ಯಾದವರು ಊರಿನ ಮದ್ಯವನ್ನೆಲ್ಲ ಹೊರಗೆ ಕಾಡಿನಲ್ಲಿ ಚೆಲ್ಲಿಸಿದರು. ದ್ವೀಪಾಯನನು ತಾನಾಗಿಯೇ ದೂರ ಹೋದನು. ಎಲ್ಲರೂ ಎಚ್ಚರವಹಿಸಿದಂತೆಯೇ ತೋರುತ್ತದೆ. ಆದರೆ ದ್ವೀಪಾಯನನು ಅಧಿಕಮಾಸಗಳ ಲೆಕ್ಕವನ್ನು ಮರೆತು ಅವಧಿ ತೀರಿತೆಂದು ಮೊದಲೇ ಮರಳಿದನು. ಬಾಯಾರಿದ ರಾಜಕುಮಾರರು ಕಾಡಿನಲ್ಲಿ ನಿಂತಿದ್ದ ಹಳೆಯ ಮದ್ಯವನ್ನು ಕುಡಿದು, ಧ್ಯಾನದಲ್ಲಿದ್ದ ಆತನನ್ನು ಕಂಡು ಕಲ್ಲೆಸೆದರು. ಕುಮಾರರು ನಗರವನ್ನು ಸುಡಲು ಹೊರಟವರಲ್ಲ. ಊರಿನಿಂದ ಹೊರಗೆ ಚೆಲ್ಲಿದ ಮದ್ಯವು ಊರ ಹೊರಗಿನ ದಾರಿಯಲ್ಲಿಯೇ ಕಾದಿತ್ತು. ಮನೆಯೊಳಗೆ ಮದ್ಯವಿಲ್ಲವೆಂದು ನಿಶ್ಚಿಂತರಾಗಿರುವ ತಂದೆತಾಯಿಗಳು, ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಉದ್ಯೋಗಕ್ಕಿರುವ ಮಗನು ಕಚೇರಿಯ ಔತಣದಿಂದ ರಾತ್ರಿ ಹೇಗೆ ಮರಳುತ್ತಾನೆಂದು ಕೇಳಿದ್ದಾರೆಯೆ?

ಕೇಳದಿರುವುದಕ್ಕೆ ಕಾರಣ ಲಜ್ಜೆ. ಗೊತ್ತಾದರೂ ಮುಚ್ಚುತ್ತಾರೆ, ಮುಚ್ಚುವುದಕ್ಕೆ ಉಪಗೂಹನವೆಂಬ ಶಾಸ್ತ್ರದ ಹೆಸರನ್ನೂ ಕೊಡುತ್ತಾರೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವು ಐದನೆಯದು ಹೌದು. ಅದಕ್ಕೆ ದೃಷ್ಟಾಂತವಾದ ಜಿನೇಂದ್ರಭಕ್ತ ಶ್ರೇಷ್ಠಿಯ ಚರಿತ್ರೆಯನ್ನು ಮಾತ್ರ ಕೊನೆಯವರೆಗೆ ಓದಬೇಕು. ಕ್ಷುಲ್ಲಕನ ವೇಷದಲ್ಲಿ ಬಂದ ಕಳ್ಳನೊಬ್ಬನು ಶ್ರೇಷ್ಠಿಯ ಚೈತ್ಯಾಲಯದಲ್ಲಿ ಪಾರ್ಶ್ವನಾಥಸ್ವಾಮಿಯ ಛತ್ರದಲ್ಲಿದ್ದ ವೈಡೂರ್ಯವನ್ನು ಕದ್ದು ಓಡಿದನು. ಕಾವಲುಗಾರರು ಬೆನ್ನಟ್ಟಿದಾಗ ಶ್ರೇಷ್ಠಿಯು ಆ ವೇಷಕ್ಕೆ ಕಳಂಕ ಬರಬಾರದೆಂದು, ತಾನೇ ತರಹೇಳಿದ್ದೆನೆಂದು ಜನರ ಮುಂದೆ ನುಡಿದನು. ಇಷ್ಟನ್ನು ಎಲ್ಲರೂ ನೆನಪಿಟ್ಟಿದ್ದಾರೆ. ಆ ಮೇಲೆ ಅವನಿಂದ ರತ್ನವನ್ನು ಹಿಂದಕ್ಕೆ ಪಡೆದು, ರಾತ್ರಿಯೇ ಅವನನ್ನು ಅಲ್ಲಿಂದ ಹೊರಡಿಸಿದನು. ರತ್ನವನ್ನು ಕಳ್ಳನ ಕೈಯಲ್ಲಿಯೇ ಬಿಟ್ಟು ಉಪಗೂಹನ ಮಾಡಲಿಲ್ಲ. ಮಗನ ದೋಷವನ್ನು ಬೀದಿಗೆ ಹೇಳಬೇಕಾಗಿಲ್ಲ. ವಾಹನದ ಕೀಲಿಕೈಯನ್ನು ಅವನ ಕೈಯಿಂದ ತೆಗೆದುಕೊಳ್ಳಬೇಕಾಗಿದೆ. ಉಪಗೂಹನದ ಪಕ್ಕದಲ್ಲಿಯೇ ಸ್ಥಿತಿಕರಣವನ್ನು ಇಟ್ಟಿರುವುದು ಇದಕ್ಕೇ. ಜಾರುತ್ತಿದ್ದ ಪುಷ್ಪಡಾಲನನ್ನು ವಾರಿಷೇಣ ಮುನಿಗಳು ಬೈದು ದೂಡಲಿಲ್ಲ, ಕಂಡೂ ಕಾಣದಂತಿರಲೂ ಇಲ್ಲ. ಜೊತೆಯಲ್ಲಿ ಕರೆದುಕೊಂಡು ಹೋಗಿ ತಿಳಿಯುವಂತೆ ಮಾಡಿದರು. ಅಭ್ಯಾಸವು ರೋಗವಾಗಿ ಬೇರೂರಿದ್ದರೆ ವೈದ್ಯರ ಬಳಿಗೆ ಕರೆದೊಯ್ಯುವುದೂ ಸ್ಥಿತಿಕರಣವೇ.

ವ್ರತಿಕರೂ ಒಂದು ಎಚ್ಚರವನ್ನು ವಹಿಸಬೇಕು. ನಿದ್ರೆಯೂ ಆ ಹದಿನೈದರಲ್ಲಿ ಒಂದು. ದಶಲಕ್ಷಣದಲ್ಲಿ ಅನೇಕ ಉಪವಾಸಗಳನ್ನು ಸಾಲಾಗಿ ಮಾಡಿದವರು ಕಣ್ಣು ಮಂಜಾಗುವ ಸ್ಥಿತಿಯಲ್ಲಿ ಸ್ಕೂಟರ್ ನಡೆಸಿ ಬಸದಿಗೆ ಬರುವುದು ತಪಸ್ಸಿನ ಭಾಗವಲ್ಲ. ಮನೆಯ ಮತ್ತೊಬ್ಬರು ಕರೆತರಲಿ. ಮದುವೆ ಮುಗಿಸಿ ರಾತ್ರಿಯೆಲ್ಲ ಎಚ್ಚರವಿದ್ದು ಶಿರಾಡಿ, ಚಾರ್ಮಾಡಿ ಘಟ್ಟಗಳನ್ನು ಇಳಿಯುವುದೂ ಅಷ್ಟೇ. ಕಿವಿಗೆ ಫೋನನ್ನು ಹಚ್ಚಿಕೊಂಡು ಊರಿನ ಸುದ್ದಿ, ಊಟದ ಸುದ್ದಿ, ಚುನಾವಣೆಯ ಸುದ್ದಿ ಆಡುತ್ತ ವಾಹನ ನಡೆಸುವವನು ವಿಕಥೆಗಳನ್ನು ಒಂದೊಂದಾಗಿ ಪೂರೈಸುತ್ತಿದ್ದಾನೆ.

ಮದ್ಯತ್ಯಾಗವು ಮೂಲಗುಣವಾದುದರಿಂದ ಅದು ಯಮವೇ ಹೊರತು ನಿಯಮವಲ್ಲ. ಚಾತುರ್ಮಾಸಕ್ಕೆ ಮಾತ್ರ, ವಾಹನ ನಡೆಸುವ ದಿನಕ್ಕೆ ಮಾತ್ರ ಎಂಬ ಅವಧಿಯನ್ನು ಅದಕ್ಕೆ ಹಾಕುವಂತಿಲ್ಲ. ಅವಧಿಯಿಟ್ಟು ತೆಗೆದುಕೊಳ್ಳಬಹುದಾದ ನಿಯಮಗಳು ಬೇರೆ ಇವೆ: ಕುಡಿದವನು ನಡೆಸುವ ವಾಹನವನ್ನು ಏರೆನು, ಅವನ ಕೈಗೆ ಕೀಲಿಕೈ ಕೊಡೆನು, ಉಪವಾಸದ ದಿನ ವಾಹನ ನಡೆಸೆನು ಎಂಬಂಥವು. ಬರುವ ಚತುರ್ದಶಿಯಂದು ಇವುಗಳಲ್ಲಿ ಯಾವುದನ್ನಾದರೂ ಜಿನಬಿಂಬದ ಮುಂದೆ ಸ್ವೀಕರಿಸುವವರು ಮನೆಯ ಹಿರಿಯರೊಬ್ಬರ ಎದುರಿನಲ್ಲಿ, ಅವಧಿಯನ್ನು ಬಾಯಿಬಿಟ್ಟು ಹೇಳಿ ಸ್ವೀಕರಿಸುವುದು ಕ್ರಮ. ನಡುವೆ ಭಂಗವಾದರೆ ತಾನೇ ಪ್ರಾಯಶ್ಚಿತ್ತವನ್ನು ನಿಶ್ಚಯಿಸಿಕೊಳ್ಳದೆ, ವಿಹರಿಸುತ್ತಿರುವ ಮುನಿಸಂಘವು ಸಮೀಪದಲ್ಲಿದ್ದಾಗ ಗುರುಗಳಲ್ಲಿ ನಿವೇದಿಸಬೇಕು.